ಸಪ್ಪೆಯಾದರೆ ಮಳೆ

ತದಡಿಯ ದಕ್ಕೆಯಲ್ಲಿ ಆಷಾಢ ಅಂದರೆ
ದೋಣಿಗಳೆಲ್ಲ ಮೇಲೆ, ನಾವೆಲ್ಲ ಅವುಗಳ ಕೆಳಗೆ.
ತಾಡಪಾಲಿನ ಮೇಲೆ ಮಳೆ; ಅಡಿಯಲ್ಲಿ
ಗೇರೆಣ್ಣೆಯ ಘಾಟು, ಹತ್ತಿಯ ಎಳೆ,
ಕೊಡತಿಯ ಟಕ್ ಟಕ್.

ಹಲಗೆಗೂ ಹಲಗೆಗೂ ನಡುವಿನ ಸಂದಿಗೆ
ಹತ್ತಿ ತುಂಬುವುದು ನನ್ನ ಕಸುಬು.
ಕಡಿಮೆಯಾದರೆ ನೀರು ಬರುತ್ತದೆ,
ಹೆಚ್ಚಾದರೆ ಹಲಗೆಯೇ ಬಿರಿಯುತ್ತದೆ.
ಎಷ್ಟು ಅಂತ ಕೇಳಬೇಡಿ. ಕೈಗೆ ಗೊತ್ತು,
ಬಾಯಿಗೆ ಗೊತ್ತಿಲ್ಲ. ತೊಂದರೆ ಇರುವುದೇ ಅಲ್ಲಿ.

ನನಗೆ ಕಲಿಸಿದ ಮಂಕಾಳಿ ಮೇಸ್ತ್ರಿ
ಒಂದು ಮಾತೂ ಆಡಿದವನಲ್ಲ.
ನಾನು ಇಡೀ ಬೆಳಿಗ್ಗೆ ಬಡಿದು ಕೂರಿಸಿದ ಹತ್ತಿಯನ್ನು
ಕೊಕ್ಕೆಯಿಂದ ಸರ್ರನೆ ಎಳೆದು,
ಮೀನಿನ ಕರುಳು ತೆಗೆದ ಹಾಗೆ ತೆಗೆದು,
ಮರಳ ಮೇಲೆ ಹಾಕಿ ಚಾ ಕುಡಿಯಲು ಹೋಗುತ್ತಿದ್ದ.
ಏಕೆ ಎಂಬುದು ತಿಳಿಯಲು ಮೂರು ಮಳೆಗಾಲ ಬೇಕಾಯಿತು.
ಒಂದೇ ಮಾತಲ್ಲಿ ಮುಗಿಸಬಹುದಿತ್ತು ಅವನು:
ಉಳಿ ಓರೆ ಹಿಡಿಯುತ್ತಿ, ತಮಾ.

ಹಾಗಾಗಿ ನಾನು ಹೇಳುವವನಾದೆ.
ಹೇಳಿ ಹೇಳಿ, ಹೇಳುವುದೇ ಒಂದು ರುಚಿಯಾಗಿ,
ಆ ಬುಧವಾರ, ಖಾರ್ವಿ ಸಾವಕಾರ್ರು
ಕೊಡೆ ಮಡಚುತ್ತಾ ಬೋಟು ನೋಡಲು ಬಂದಾಗ,
ನಾಲ್ಕು ಜನ ಬಲೆ ಹೆಣೆಯುತ್ತಾ ಕೂತಲ್ಲಿ,
ಹುಡುಗ ಚಿದಂಬರನ ಸಾಲಿಗೆ ಬೆರಳಿಟ್ಟು ಅಂದೆ:
‘ಇದೆಂತ, ದೋಣಿಗೆ ಹತ್ತಿ ತುಂಬಿದ್ದೋ, ಹಾಸಿಗೆ ಹೊಲಿದದ್ದೋ?’

ನಕ್ಕರು. ನಾನೂ ನಕ್ಕೆ.
ಅವನ ಕಿವಿ ಕೆಂಪಾದದ್ದು, ಹಿಡಿಕೆಯ ಮೇಲೆ
ಬೆರಳು ಬಿಗಿದದ್ದು ಕಂಡಿತು;
ಕಂಡೂ ಇನ್ನೊಂದು ಮಾತು ಸೇರಿಸಿದೆ.
ಅದನ್ನು ಇಲ್ಲಿ ಹೇಳಲಾರೆ.

ಗುರುವಾರ ಅವನಿಲ್ಲ. ಶುಕ್ರವಾರ ಅವನಿಲ್ಲ.
ಅವನ ಕೊಡತಿ ಮಾತ್ರ ಹಲಗೆಯ ಮೇಲೆ
ಹಿಡಿಕೆ ನನ್ನ ಕಡೆ ಮಾಡಿ ಮಲಗಿತ್ತು.
ಶನಿವಾರ ಬಂದ. ತಾಡಪಾಲಿನ ಹೊರಗೇ ನಿಂತು,
ತಲೆಯಿಂದ ನೀರಿಳಿಯುತ್ತಿರಲು, ಹೇಳಿದ:
‘ನೀವು ಹೇಳಿದ್ದು ಸಮಾ ಇತ್ತು.
ಹೇಳಿದ ಜಾಗ ಸಮಾ ಇರಲಿಲ್ಲ.
ಕೆಲಸ ತಿದ್ದಿಕೊಳ್ತೆ.
ಆ ನಗೆಯನ್ನು ಎಲ್ಲಿ ಇಟ್ಟುಕೊಳ್ಳಲಿ?’

ಐವತ್ತಾರು ವರ್ಷದ ಬಾಯಿ ನನ್ನದು.
ಉತ್ತರಗಳು ಬಂಗಡೆಯ ಹಿಂಡಿನ ಹಾಗೆ ನುಗ್ಗಿದವು:
ನಮ್ಮ ಕಾಲದಲ್ಲಿ…
ನಿನ್ನ ಒಳ್ಳೇದಕ್ಕೇ…
ಒಂದು ಚೇಷ್ಟೆಗೆ ಇಷ್ಟೊಂದು…
ಯಾವುದನ್ನೂ ಹೊರಗೆ ಬಿಡಲಿಲ್ಲ.
ದಿನವಿಡೀ ಕೊಡತಿ ಬೀಸಿದರೂ ಅಷ್ಟು ಬೆವರುವವನಲ್ಲ ನಾನು.
‘ಹ್ಞೂಂ’ ಅಂದೆ. ‘ಒಳಗೆ ಬಾ, ನೆನೀತಿ’ ಅಂದೆ.
ತಪ್ಪಾಯಿತು ಅನ್ನಲಿಕ್ಕೆ ಇನ್ನೂ ಎರಡು ದಿನ ಹಿಡಿಯಿತು;
ಅದೂ ಅವನೊಬ್ಬನಿಗಲ್ಲ, ಬಲೆಯವರಿಗೂ ಕೇಳುವ ಹಾಗೆ.
ಈ ಸಲ ಯಾರೂ ನಗಲಿಲ್ಲ.
ಒಬ್ಬ ಮಾತ್ರ ಕೆಮ್ಮಿದ.

ಉಳಿಯ ಓರೆ ತೋರಿಸಿದ್ದು ದೋಣಿಯ ಆಚೆ ಬದಿಯಲ್ಲಿ,
ಇಬ್ಬರೇ ಕುಕ್ಕರುಗಾಲಲ್ಲಿ ಕೂತು.
ಅವನ ಮಣಿಕಟ್ಟು ಹಿಡಿದು
ಒಂದು ನೂಲಿನಷ್ಟು ತಿರುಗಿಸಿದೆ.
ಪೆಟ್ಟಿನ ಸದ್ದು ಬದಲಾಯಿತು. ಅವನಿಗೂ ಕೇಳಿಸಿತು.
ಅಷ್ಟೇ ಇತ್ತು ವಿಷಯ.

ನೂಲು ಹುಣ್ಣಿಮೆಗೆ ಹೊಳೆಗೆ ತೆಂಗಿನಕಾಯಿ ಬಿಟ್ಟು
ಬೋಟನ್ನು ಅಘನಾಶಿನಿಗೆ ಇಳಿಸಿದೆವು.
ಸಾವಕಾರ್ರು ಪೇಡೆ ಹಂಚುತ್ತಿದ್ದರು;
ನನ್ನ ಬಾಯಲ್ಲಿ ಎರಡನೆಯದು.
ಚಿದಂಬರ ಬಂದು ತೋಳು ಮುಟ್ಟಿ
ಐಸಿನ ಶೆಡ್ಡಿನ ಹಿಂದೆ ಕರೆದ.
ಅತ್ತಿತ್ತ ನೋಡಿ, ಮೆಲ್ಲಗೆ:
‘ಅಡಿಯಿಂದ ಮೂರನೇ ಹಲಗೆ. ಒದ್ದೆ.’
ಸ್ವಲ್ಪ ತಡೆದು, ‘ನಿಮ್ಮ ಕಡೆದು.’

ಹೊಸ ಹಲಗೆ ಬೆವರುತ್ತದೆ, ಅನ್ನಲು ಹೊರಟಿದ್ದೆ.
ರಾತ್ರಿಯ ಮಳೆ ಇರಬೇಕು, ಅನ್ನಲೂ.
ಹೋದೆ. ಬಗ್ಗಿ, ಬೆರಳಿಟ್ಟು,
ನಾಲಗೆಗೆ ಮುಟ್ಟಿಸಿದೆ.
ಸಪ್ಪೆಯಾದರೆ ಮಳೆ. ಉಪ್ಪಾದರೆ ನಾನು.

ಚಿದಂಬರ ನನ್ನ ಮುಖ ನೋಡುತ್ತಿರಲಿಲ್ಲ.
ಅತ್ತ ತಿರುಗಿ ನಿಂತು
ಹತ್ತಿಯ ಉಂಡೆ ಬಿಚ್ಚತೊಡಗಿದ್ದ.